ಆ ಕೊಳವೆಯನ್ನು ನಾನು ತಿರುಗಿಸುವುದಿಲ್ಲ

ನೀರು ಸರಬರಾಜು ಕಚೇರಿಯ ಮಾನ್ಯ ಎಂಜಿನಿಯರ್ ಸಾಹೇಬರೇ,

ನಮ್ಮ ತಾರಸಿಯ ತೊಟ್ಟಿಯಿಂದ ಉಕ್ಕುವ ನೀರು ದಿನಾ ಬೆಳಿಗ್ಗೆ ತಮ್ಮ ಮನೆಯ ಗೇಟಿನ ಮೇಲೂ ಅಲ್ಲಿ ನಿಲ್ಲಿಸಿದ ತಮ್ಮ ಸ್ಕೂಟರಿನ ಮೇಲೂ ಸುರಿಯುತ್ತಿದೆ, ಆದ್ದರಿಂದ ಕೊಳವೆಯ ಬಾಯನ್ನು ಕೂಡಲೇ ಬೇರೆ ಕಡೆಗೆ ತಿರುಗಿಸತಕ್ಕದ್ದು ಎಂದು ಜವಾನನ ಕೈಲಿ ಚೀಟಿ ಕಳುಹಿಸಿದ್ದೀರಿ. ತಿರುಗಿಸುವುದಿಲ್ಲ. ಎದುರು ಮನೆಯವಳಾದ ನಾನು ಗಲ್ಲಿ ದಾಟಿ ಬಂದು ಇದನ್ನು ಬಾಯಲ್ಲೇ ಹೇಳಬಹುದಿತ್ತು. ಊರಿನವರೂ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ಆ ಕೊಳವೆ ಅಲ್ಲಿಗೆ ಹೇಗೆ ಬಂತು ಎಂಬುದು ತಮಗೆ ಮರೆತಿರಬಹುದು. ದೊಡ್ಡವರಿಗೆ ಕೆಲಸ ಜಾಸ್ತಿ. ನನಗೆ ಮರೆತಿಲ್ಲ. ಈ ೧೯೮೪ರ ಯುಗಾದಿ ಕಳೆದ ಮೇಲೆ ತಮ್ಮ ಕಚೇರಿಯ ಆಜ್ಞೆ ಹೊರಟಿತು: ನಲ್ಲಿಯಿರುವ ಪ್ರತಿ ಮನೆಯೂ ನಿಯಮದಂತೆ ತೊಟ್ಟಿ ಕೂರಿಸಬೇಕು, ಕೂರಿಸುವವರೆಗೆ ನಲ್ಲಿ ಬಂದ್. ನಮ್ಮ ತಾರಸಿಯ ಮೇಲಿದ್ದ ಹಳೆಯ ಎಣ್ಣೆ ಡ್ರಮ್ಮನ್ನು ನೋಡಿ ತಾವು ಮೂಗು ಮುರಿದಿರಿ. ಮುರಿದದ್ದು ಸರಿಯೇ ಇತ್ತು. ನಾನು ನಿಯಮದ ಮೇಲೆ ಜಗಳಕ್ಕೆ ಬಂದವಳಲ್ಲ. ಕುಡಿಯುವ ನೀರಿನಲ್ಲಿ ಹಲ್ಲಿ ತೇಲುವುದು ಯಾರಿಗೆ ಬೇಕು? ಗಾರೆಯವರನ್ನು ಕರೆಸಿ ಇಟ್ಟಿಗೆ ಕಟ್ಟೆಯ ಮೇಲೆ ಸಿಮೆಂಟ್ ತೊಟ್ಟಿ ಕಟ್ಟಿಸಿದೆವು. ಮುಚ್ಚಿದ ಕಡಪದ ಕಲ್ಲಿನ ಸಂದಿಯಲ್ಲಿ ತಾವು ಬೆರಳು ತೂರಿಸಿ ತೋರಿಸಿ, ಬಿಗಿ ಮುಚ್ಚಳ ಬೇಕು, ಗಾಳಿ ಕಿಂಡಿಗೆ ಜಾಲರಿ ಬೇಕು ಎಂದಿರಿ. ಎರಡನ್ನೂ ಮಾಡಿಸಿದೆವು. ಮತ್ತೆ ಬಂದು ನೋಡಿ ನಲ್ಲಿ ಬಿಡಿ ಎಂದು ಕೇಳಿದೆವು.

ಬರಲಿಲ್ಲ. ಎದುರು ಮನೆಯಿಂದ ನಮ್ಮ ತಾರಸಿಗೆ ಬರಲು ತಮಗೆ ಬಿಡುವೇ ಆಗಲಿಲ್ಲ. ನಮ್ಮ ಅತ್ತೆ ಬೈರಮ್ಮನವರು ಬೀದಿ ಕೊನೆಯ ಬೋರಿಂಗ್ ಪಂಪಿನಿಂದ ಬಿಂದಿಗೆ ಹೊರುತ್ತಿದ್ದರು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬೆಳಗಿನ ಪಾಳಿ, ನಮ್ಮ ಯಜಮಾನರು ನರಸಿಂಹಪ್ಪನವರು ಬಸ್ ಕಂಡಕ್ಟರು, ನೀರು ಹೊರಲು ಮನೆಯಲ್ಲಿ ಮಿಕ್ಕವರು ಅವರೊಬ್ಬರೇ. ಅಷ್ಟರಲ್ಲಿ ಮಾವಿನ ಕಾಲ ಬಂತು. ಅತ್ತೆಯ ತವರು ಗೌನಿಪಲ್ಲಿಯಿಂದ ಒಂದು ಗಾಡಿ ಬಾದಾಮಿ ಮಾವಿನಕಾಯಿ ಬಂದಿಳಿಯಿತು. ಅತ್ತೆ ತಾರಸಿ ಹತ್ತಿ ತೊಟ್ಟಿಯನ್ನು ಒಂದು ಸುತ್ತು ನೋಡಿದರು.

"ಖಾಲಿ ತೊಟ್ಟಿ ಸುಮ್ನೆ ಯಾಕ್ ಬಿದ್ದಿರ್ಬೇಕಮ್ಮಾ? ಮುಚ್ಚಳ ಬಿಗಿಯಾಗೈತೆ, ಇಲಿ ನುಗ್ಗಲ್ಲ, ಗಾಳಿಗೆ ಜಾಲರಿ ಐತೆ. ನಮ್ಮಪ್ಪನ ಕಾಲ್ದಾಗೂ ಇಂಥ ಅಡೆ ಕೋಣೆ ಇರ್ಲಿಲ್ಲ" ಎಂದರು.

ಹುಲ್ಲು ಹಾಸಿ ಕಾಯಿ ಜೋಡಿಸಿ ಮಾಗಲೆಂದು ಅಡೆ ಹಾಕಿಬಿಟ್ಟರು. ನಾನು ತಡೆಯಲಿಲ್ಲ. ಹಣ್ಣಾದ ಮೇಲೆ ತೊಳೆದರಾಯಿತು ಅಂದುಕೊಂಡೆ. ನೀರಿಲ್ಲದ ತೊಟ್ಟಿಯನ್ನು ಮಾವಿನ ಸೀಮೆಯವರು ಇನ್ನೇನು ಮಾಡಬೇಕಿತ್ತು ಸ್ವಾಮಿ?

ಹಣ್ಣು ಘಮ್ಮೆನ್ನುವ ಹೊತ್ತಿಗೆ ತಮಗೆ ಬಿಡುವಾಯಿತು. ಗಾಳಿ ಯಾವ ಕಡೆಗೆ ಬೀಸುತ್ತಿತ್ತೋ ನಾನು ಹೇಳಲಾರೆ. ತಾವು ಮುಚ್ಚಳ ಎತ್ತಿದಿರಿ.

"ಏನ್ರೀ ಇದು, ನೀರಿನ ತೊಟ್ಟಿನೋ ಮಾವಿನ ಮಂಡಿನೋ?" ಎಂದಿರಿ.

ಅತ್ತೆ ನಕ್ಕು, "ನೀರು ಬಿಟ್ರೆ ನೀರಿನ ತೊಟ್ಟಿನೇ ಸಾಮಿ" ಎಂದರು. ತಾವು ನಗಲಿಲ್ಲ. ತೊಟ್ಟಿಯಲ್ಲಿ ಅನ್ಯವಸ್ತು ಇದೆ ಎಂದು ಬರೆದಿರಿ. ಬ್ಲೀಚಿಂಗ್ ಪುಡಿ ಹಾಕಿ ತೊಳೆದು ಒಂದು ತಿಂಗಳು ಒಣಗಿಸಬೇಕು, ಅಲ್ಲಿಯವರೆಗೆ ನಲ್ಲಿ ಇಲ್ಲ ಎಂದಿರಿ. ಹೋಗುವಾಗ ಆ ಅನ್ಯವಸ್ತುವನ್ನು ಎರಡು ಮಂಕರಿ ತುಂಬಿಸಿ, ನಮೂನೆಗೆ ಬೇಕು ಎಂದು ಜವಾನನ ತಲೆಯ ಮೇಲೆ ಹೊರಿಸಿದಿರಿ. ಆ ಮಂಕರಿಗಳು ಕಚೇರಿಯ ಕಡೆಗೆ ಹೋಗಲಿಲ್ಲ, ಗಲ್ಲಿ ದಾಟಿ ತಮ್ಮ ಮನೆಯೊಳಕ್ಕೆ ಹೋದವು. ಪರೀಕ್ಷೆಯ ವರದಿ ಏನಾಯಿತು? ಚೀಪಿದ ಓಟೆಗಳು ತಮ್ಮ ಹಿತ್ತಿಲಲ್ಲಿ ಬಿದ್ದಿದ್ದನ್ನು ನಮ್ಮ ತಾರಸಿಯಿಂದ ನೋಡಿದ್ದೇನೆ. ಪರೀಕ್ಷೆ ಬಹಳ ಆಳವಾಗಿ ನಡೆದಂತೆ ಕಾಣುತ್ತದೆ.

ನೀವು ಕೊಟ್ಟ ಆ ಒಂದು ತಿಂಗಳಲ್ಲಿ, ಒಂದು ಬೆಳಿಗ್ಗೆ, ಬೋರಿಂಗಿನ ಪಾಚಿಕಲ್ಲಿನ ಮೇಲೆ ಬೈರಮ್ಮನವರು ತುಂಬಿದ ಬಿಂದಿಗೆಯ ಸಮೇತ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಕಟ್ಟು ಹಾಕಿಸಿದೆವು. ಮೂಳೆ ಕೂಡಿತು, ಕೈ ತಿರುಗುವುದಿಲ್ಲ. ಈ ವಯಸ್ಸಿನಲ್ಲಿ ಇಷ್ಟೇ ಎಂದರು ಡಾಕ್ಟರು. ಅತ್ತೆ ಕಟ್ಟಿದ ಮುದ್ದೆಯಲ್ಲಿ ಒಂದು ಗಂಟು ಸಿಕ್ಕಿದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ಕಂಡಿಲ್ಲ. ಈಗ ನಾನು ಕಟ್ಟುತ್ತೇನೆ, ಅವರು ಪಕ್ಕದಲ್ಲಿ ಕೂತು ನೋಡುತ್ತಾರೆ. ನನ್ನ ಮುದ್ದೆಯಲ್ಲಿ ಗಂಟಿರುತ್ತದೆ. ಅವರು ಗಂಟನ್ನೂ ಸೇರಿಸಿಯೇ ನುಂಗುತ್ತಾರೆ.

ತಿಂಗಳು ಮುಗಿದ ಮೇಲೆ ನೀವು ಮತ್ತೆ ಬಂದಿರಿ. ಕಟ್ಟು ಬಿಗಿದ ಕೈ ಇಟ್ಟುಕೊಂಡು ಅತ್ತೆ ಜಗಲಿಯ ಮೇಲೆ ಕೂತಿದ್ದರು. ಅವರನ್ನು ದಾಟಿಕೊಂಡು ಮೆಟ್ಟಿಲು ಹತ್ತಿದಿರಿ, ಏನಾಯಿತು ಎಂದು ಕೇಳಲಿಲ್ಲ. ಮೇಲೆ ಹೋಗಿ ಹೊಸ ತಪ್ಪು ಹುಡುಕಿದಿರಿ. ಹೆಚ್ಚಾದ ನೀರು ಹೋಗುವ ಕೊಳವೆಯನ್ನು ನಲ್ಲಿ ಕೆಲಸದ ಆಂಜಿನಪ್ಪ ನಮ್ಮ ಬಚ್ಚಲಿಗೆ ಬಿಟ್ಟಿದ್ದ. ಅದು ಕೂಡದು, ನೀರು ಉಕ್ಕಿದರೆ ಎಲ್ಲರಿಗೂ ಕಾಣುವಂತೆ ಕೊಳವೆ ಹೊರಗೋಡೆ ದಾಟಿ ಚಾಚಿರಬೇಕು ಎಂದಿರಿ. ಮೂರು ಕಡೆ ನೆರೆಮನೆಗಳ ಗೋಡೆ, ಉಳಿದದ್ದು ಬೀದಿಯ ಕಡೆ ಒಂದೇ. ಅಲ್ಲಿ ನೀವೇ ನಿಮ್ಮ ಕೈಯಾರೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಿರಿ. "ಸಾರ್, ಎದುರುಗಡೆ ತಮ್ಮ ಮನೆ ಐತೆ" ಎಂದ ಆಂಜಿನಪ್ಪನಿಗೆ "ಹೇಳಿದಷ್ಟು ಮಾಡೋ" ಎಂದು ಗದರಿದಿರಿ. ತೊಟ್ಟಿ ತುಂಬಿದಾಗ ನೀರು ನಿಲ್ಲಿಸುವ ಬಾಲ್‌ವಾಲ್ವನ್ನೂ ನಿಮ್ಮ ಕಚೇರಿಯೇ ಕೊಟ್ಟಿತು. ಅದಕ್ಕೆ ಸೀಸದ ಮುದ್ರೆ ಒತ್ತಿ, ಇದನ್ನು ಮನೆಯವರು ಮುಟ್ಟಿದರೆ ನಲ್ಲಿ ಕಾಯಂ ಬಂದ್ ಎಂದು ಎಚ್ಚರಿಸಿ, ಕೊನೆಗೂ ನೀರು ಬಿಟ್ಟು ಹೋದಿರಿ.

ಆ ವಾಲ್ವು ಈಗ ಕೆಟ್ಟಿದೆ. ನಾನು ಮುಟ್ಟಿಲ್ಲ, ಮುಟ್ಟುವ ಹಾಗಿಲ್ಲ. ಕೊಳವೆ ನೀವು ಗುರುತು ಹಾಕಿದ ಜಾಗದಲ್ಲೇ ಇದೆ. ಗಲ್ಲಿ ಕಿರಿದು, ತಾರಸಿ ಎತ್ತರ, ನೀರು ಚಿಮ್ಮಿ ನಿಮ್ಮ ಗೇಟಿಗೇ ಬೀಳುತ್ತದೆ. ಒದ್ದೆ ಸೀಟಿನ ಮೇಲೆ ಕೂತು ನೀವು ಕಚೇರಿಗೆ ಹೊರಡುವುದನ್ನು ಪಾಳಿಯಿಲ್ಲದ ದಿನ ಕಿಟಕಿಯಿಂದ ನೋಡುತ್ತೇನೆ. ನೋಡಿ ನನಗೆ ಬಹಳ ಸಂತೋಷವಾಗುತ್ತದೆ. ಸೇಡು ಎಂಬ ಮಾತನ್ನು ಪತ್ರಿಕೆಗೆ ಬರೆಯಬೇಡ ಎಂದು ನಮ್ಮ ಯಜಮಾನರು ಹೇಳಿದರು. ಇದು ಸೇಡೇ. ಎಕ್ಸ್‌ಚೇಂಜಿನಲ್ಲಿ ಕೂತು ನಿಮ್ಮ ಟ್ರಂಕ್ ಕಾಲುಗಳನ್ನು ನಾನು ಒಮ್ಮೆಯೂ ಕತ್ತರಿಸಿಲ್ಲ. ಕೈ ತುರಿಸಿದ್ದುಂಟು. ನಿಮ್ಮ ನಿಯಮವೇ ನನಗೆ ಸಾಕಾಯಿತು.

ನೀರು ದಂಡವಾಗುತ್ತಿದೆ ಎಂದು ಈಗ ನೀವು ಬೀದಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೀರಂತೆ. ಆ ಸಂಕಟ ನಿಮಗಿಂತ ಮೊದಲು ಹತ್ತಿದ್ದು ಬೈರಮ್ಮನವರಿಗೆ. ನಾನು ಬೇಡವೆಂದರೂ ಕೇಳದೆ ಬೆಳಿಗ್ಗೆ ಎಡಗೈಯಲ್ಲಿ ಬಿಂದಿಗೆ ಹಿಡಿದು ನಿಮ್ಮ ಗೇಟಿನ ಮುಂದೆ ನಿಲ್ಲುತ್ತಾರೆ.

"ನೀರೇನ್ ಮಾಡ್ತಮ್ಮಾ ಪಾಪ? ನಿನ್ ಸಿಟ್ಟು ಅದ್ರ ಮ್ಯಾಲ್ಯಾಕೆ?" ಎನ್ನುತ್ತಾರೆ. ಹಿಡಿದ ನೀರನ್ನು ನಿಮ್ಮ ಮನೆಯಾಕೆ ಕೊಡ ತಂದರೆ ಅವರಿಗೂ ಬಗ್ಗಿಸುತ್ತಾರೆ. ಅವರ ಗುಣ ಅದು. ನನಗೆ ಅದು ಬಂದಿಲ್ಲ.

ನನ್ನ ಬೇಡಿಕೆ ಇಷ್ಟೇ. ನಮ್ಮ ಜಗಲಿಗೆ ಬನ್ನಿ. ಹಗಲು ಹೊತ್ತು ಬನ್ನಿ, ಬೀದಿಯವರು ನೋಡಲಿ. ಬೈರಮ್ಮನವರ ಎದುರು ಕೂತು, ಆ ಕೈಯನ್ನು ನೋಡಿ, ತಪ್ಪಾಯಿತು ಎಂದು ಹೇಳಿ. ಆಮೇಲೆ ಮೇಲೆ ಹತ್ತಿ ನಿಮ್ಮ ಮುದ್ರೆಯನ್ನು ನೀವೇ ಒಡೆದು ವಾಲ್ವು ಸರಿಮಾಡಿಸಿ. ಅಲ್ಲಿಯವರೆಗೆ ಕೊಳವೆ ನಿಯಮದಂತೆಯೇ ಇರುತ್ತದೆ.

ನಿನ್ನೆ ಬೆಳಿಗ್ಗೆ ಸ್ಕೂಟರು ಹೊರತೆಗೆಯಲು ಅಡ್ಡವಾಯಿತೆಂದು ನೀವು ಅವರಿಗೆ "ಸರೀರಿ ಅಜ್ಜಿ ಆ ಕಡೆ" ಎಂದಿರಿ. ಅವರ ಮುಖ ನೋಡಲಿಲ್ಲ. ಅವರು ತುಂಬಿದ ಬಿಂದಿಗೆಯನ್ನು ಎಡಸೊಂಟಕ್ಕೆ ಏರಿಸಿಕೊಂಡು ಸರಿದರು.

ನಾನು ಸರಿಯುವುದಿಲ್ಲ.

ಇಂತಿ,
ತಮ್ಮ ಎಲ್ಲ ನಿಯಮಗಳನ್ನೂ ಚಾಚೂ ತಪ್ಪದೆ ಪಾಲಿಸಿ ಹಾಳಾದ, ಗಂಟು ಮುದ್ದೆಯ,
ಎದುರು ಮನೆ ಶ್ಯಾಮಲಮ್ಮ