ಅಪ್ಪನ ಜೇಬುಗಡಿಯಾರ

ಅಣ್ಣನಿಗೆ,

ಅಪ್ಪನ ಜೇಬುಗಡಿಯಾರ ಮಾರಿದ್ದಾಯಿತು. "ಅದನ್ನ ಮಾರಿದ್ರೆ ನಿಮ್ಮನೆ ಹೊಸ್ತಿಲು ತುಳಿಯಲ್ಲ" ಎಂದಿದ್ದೆಯಲ್ಲ, ಸಿಟ್ಟಾಗುವ ಮೊದಲು ಪೂರ್ತಿ ಓದು.

ಹಟ ಹಿಡಿದವಳು ಅಮ್ಮನೇ. ಕಣ್ಣು ಮಂಜಾದಾಗಿನಿಂದ ಆ ಗಡಿಯಾರದ ಗುಂಡಿ ಒತ್ತಿ, ಅದು ಬಾರಿಸುವ ಗಂಟೆಗಳನ್ನು ಎಣಿಸಿ, ಮನೆಮಂದಿಗೆಲ್ಲ ಹೊತ್ತು ಹೇಳುತ್ತಿದ್ದವಳು ಅವಳು. "ಮಾರಿ ಕಣ್ಣಿನ ಆಪರೇಷನ್ ಮಾಡ್ಸು. ಕಣ್ಣು ಬಂದ್ಮೇಲೆ ಗಂಟೆ ಎಣಿಸೋ ಕೆಲಸ ಯಾರಿಗೆ ಬೇಕು?" ಅಂದಳು.

ಬಂದ ವ್ಯಾಪಾರಿಗಳೆಲ್ಲ ಅದರ ಚಿನ್ನ ತೂಗಲು ಹೊರಟರು. ಅಮ್ಮ ಎಲ್ಲರನ್ನೂ ಸಾಗಹಾಕಿದಳು. ಕೊನೆಗೆ ಬಂದ ಪಿಯಾನೋ ರಿಪೇರಿಯವರು ಗುಂಡಿ ಒತ್ತಿ, ಕಣ್ಣು ಮುಚ್ಚಿ, ನಾದ ಮುಗಿಯುವವರೆಗೂ ಕೇಳಿದರು. "ಇವರಿಗೇ ಕೊಡು" ಅಂದಳು ಅಮ್ಮ. ಅವರು ಚೌಕಾಸಿಯನ್ನೇ ಮಾಡಲಿಲ್ಲ.

ಆಪರೇಷನ್ ಆಯಿತು, ನಿನ್ನೆ ಅಮ್ಮನ ಕಣ್ಣಿನ ಪಟ್ಟಿ ಬಿಚ್ಚಿದರು. ಮನೆಗೆ ಬಂದವಳೇ ಗೋಡೆ ಗಡಿಯಾರ ನೋಡಿ, "ಈ ಗಡಿಯಾರ ನಿಂತು ಯಾವ ಕಾಲ ಆಯ್ತೇ? ಕಣ್ಣಿದ್ದೋರೆಲ್ಲ ಏನ್ ಮಾಡ್ತಿದ್ರಿ?" ಎಂದು ದಬಾಯಿಸಿದಳು. ನಾವ್ಯಾರೂ ಗಮನಿಸಿರಲೇ ಇಲ್ಲ; ಹೊತ್ತು ಕೇಳಲು ಅವಳಿದ್ದಳಲ್ಲ.

ಜೇಬುಗಡಿಯಾರದ ಸರಪಳಿ ನಿನ್ನ ಹತ್ತಿರವಿದೆ. ಅದೂ ಕೊಂಡವರಿಗೇ ಸೇರಬೇಕು, ನೀನೇ ತಂದುಕೊಡು. ಹೊಸ್ತಿಲು ತುಳಿಯುವ ಮುಂಚೆ ಗಡ್ಡ ಬೋಳಿಸಿಕೊ, ತಲೆ ಬಾಚಿಕೊ. ಅಮ್ಮನಿಗೆ ಈಗ ಎಲ್ಲಾ ಕಾಣಿಸುತ್ತದೆ.

ನಿನ್ನ ತಂಗಿ