ಎರಡನೇ ಸಾಣಿಗಿ

ಬಸವನ ಬಾಗೇವಾಡಿ
೧೮-೧೧-೨೦೦೬

ತಮ್ಮ ಸುನೀಲಕುಮಾರಗ ನಿನ್ನ ಅಕ್ಕ ಯಶೋಧಾಳ ಜೈಭೀಮ.

ನಿನ್ನ ಪತ್ರ ದೀಪಾವಳಿ ಮುಂದ ಬಂದಿತ್ತು. ಉತ್ತರ ಬರೆಯೂದು ತಡಾ ಆತು, ಸಿಟ್ಟಾಗಬ್ಯಾಡ. ಈ ಸಲ ಸಿಟ್ಟಾಗೂದು ನನ್ನ ಪಾಳಿ. ಅವ್ವನ ಮೊಣಕಾಲು ಹಂಗ ಐತಿ, ಎಣ್ಣಿ ತಿಕ್ಕಿದ್ರ ನಿದ್ದಿ ಮಾಡ್ತಾಳ. ಸಿಂದಗಿಯೊಳಗ ನಿನ್ನ ಸಾಲಿ ಹೆಂಗ ನಡದೈತಿ? ಕೂಸಿಗಿ ಹಲ್ಲು ಬಂದ್ವಂತ ಅವ್ವ ಓಣಿಗೆಲ್ಲ ಹೇಳಿ ಬಂದ್ಲು.

ಈಗ ನಮ್ಮ ಶಂಕರೆಪ್ಪ ಸಾವಕಾರ್ರ ರೊಟ್ಟಿ ಕಾರಖಾನಿ ಸುದ್ದಿ ಕೇಳು. ಕಡಕ ರೊಟ್ಟಿಗಿ ಸೊಲ್ಲಾಪುರ, ಪುಣೆದಿಂದ ಬೇಡಿಕಿ ಬರಾಕತ್ತೈತಿ, ನಮ್ಮ ಕೈಲೆ ಪೂರೈಸೂದು ಆಗವಲ್ದು. ಅದಕ್ಕ ಸಾವಕಾರ್ರು ಅಳಿಯ ಅನಿಲನ್ನ ಕರಿಸಿದ್ರು. ಅಂವ ಪುಣೆಯೊಳಗ ಮೋಟಾರ ಕಂಪನಿ ಇಂಜಿನಿಯರ. ಬಂದಾಂವ ಕಾರಖಾನಿ ಗ್ವಾಡಿ ತುಂಬ ಖಾಕಿ ಕಾಗದ ಹಚ್ಚಿದ. ಜ್ವಾಳ ಇಳಿಯೂದರಿಂದ ಹಿಡದು ರೊಟ್ಟಿ ಲಾರಿ ಏರೂತನಾ ಒಂದೊಂದು ಕೆಲಸಕ್ಕ ಒಂದೊಂದು ಚೌಕ ಬರದ. ಮಾಲು ಸುಮ್ನ ಕುಂತಲ್ಲೆ ತ್ರಿಕೋನ. ಇದಕ್ಕ ವ್ಯಾಲ್ಯೂ ಸ್ಟ್ರೀಮ್ ಮ್ಯಾಪ್ ಅಂತಾರಂತ. ಗಿರಾಕಿ ಯಾವ ಕೆಲಸಕ್ಕ ರೊಕ್ಕ ಕೊಡೂದಿಲ್ಲ ಅದೆಲ್ಲ ದಂಡ, ಅದನ್ನ ತಗೀಬೇಕು ಅಂದ. ಖರೇನ ಹೇಳ್ತೇನಿ, ನಂಗ ಭಾಳ ಸೇರ್ತು. ಕಟ್ಟಿಗಿ ರಾಶಿ ಒಲಿ ಹಂತೇಕ ತರಿಸಿದ, ಹೆಣ್ಮಕ್ಕಳ ಸೊಂಟ ಉಳೀತು.

ಆಮ್ಯಾಲೆ ನನ್ನ ಚೌಕಕ್ಕ ಬಂದ. ಹಿಂದಿನ ಖೋಲಿಯೊಳಗ ನಾ ಗಿರಣಿಯಾಗ ಜ್ವಾಳ ಬೀಸಿ, ಹಿಟ್ಟು ಸಾಣಿಸಿ, ಡ್ರಮ್ಮಿಗಿ ತುಂಬಿ ಹಿತ್ತಲ ಬಾಗಲದಾಗ ಇಡ್ತೇನಿ. ಮರುದಿನ ಮ್ಯಾಲಿನ ಓಣಿ ಹನಮವ್ವ ಅದನ್ನ ಒಳಗ ಒಯ್ದು ಮತ್ತ ಸಾಣಿಸ್ತಾಳ, ಆಮ್ಯಾಲೆ ನಾದ್ತಾರ. ಒಂದ ಹಿಟ್ಟು ಎರಡು ಸಲ ಯಾಕ ಅಂತ ಅನಿಲ ಕೇಳಿದ. ಹಿಟ್ಟಿನಾಗ ಸಣ್ಣ ಕಲ್ಲು, ಹಳ್ಳು ಇರತಾವು ಅಂದ್ರು ಸಾವಕಾರ್ರು. ಅನಿಲ ಹನಮವ್ವನ ಸಾಣಿಗಿ ಈಸಕೊಂಡು ನೋಡಿದ. ಅದರಾಗ ಏನೂ ಇರಲಿಲ್ಲ.

ನನಗ ಮೊದಲ ಗೊತ್ತಿರಲಿಲ್ಲೇನು? ಗೊತ್ತಿತ್ತು. ಗೊತ್ತಿಲ್ಲದಂಗ ಇದ್ನಿ. ಅವತ್ತು ಮಾತ್ರ ತಲಿ ಕೆಟ್ಟು ಹೋತು.

"ಹಳ್ಳಿನ ಸಲುವಾಗಿ ಅಲ್ಲರಿ, ನಾ ಮುಟ್ಟೇನಂತ ಸಾಣಿಸ್ತಾರ. ಬರಕೋರಿ ನಿಮ್ಮ ಕಾಗದದಾಗ," ಅಂದ್ನಿ.

ಅಂವ ಬರಕೊಳ್ಳಲಿಲ್ಲ. ಎರಡರಾಗ ಒಂದು ತಗೀಬೇಕು, ಯಾವದಂತ ಮಾವ ನೋಡ್ಕೋಲಿ ಅಂದ. ಮಾವ ನೋಡ್ಕೊಂಡ. ನನ್ನದು ತಗದ! ಬೀಸೂದು, ಸಾಣಿಸೂದು ಎರಡೂ ಈಗ ಹನಮವ್ವಗ. ನಂಗ ಅಂಗಳದ ಕಸಾ ಹೊಡಿ ಅಂದ್ರು. ಹನಮವ್ವ ನನ್ನ ಮುಖಾ ನೋಡದನ, ನಂಗೂ ಹೊಟ್ಟಿ ಐತೆವ್ವಾ ಅಂದ್ಲು. ಕಾಗದದ ಮ್ಯಾಲೆ ಹಿತ್ತಲ ಬಾಗಲದ ಡ್ರಮ್ಮಿನ ತ್ರಿಕೋನ ಕಡಿಮಿ ಆತಂತ ಅನಿಲ ಫೋಟೋ ಹೊಡಕೊಂಡು ಪುಣೆಕ್ಕ ಹೋದ. ಇವರ ಬಾಯಾಗ ಮಣ್ಣು ಬೀಳ್ಲಿ.

ನಾ ಕಸಬರಗಿ ಮುಟ್ಟಿಲ್ಲ. ಸೋಮವಾರದಿಂದ ಮನ್ಯಾಗ ಕುಂತೇನಿ. ಹೋಗವ್ವಾ, ಉಣ್ಣಾಕ ಏನ ಮಾಡೂದು ಅಂತ ಅವ್ವ ಗಂಟು ಬಿದ್ದಾಳ. ಗಿರಣಿ ಕೆಲಸ ಕೊಟ್ರ ಹೋಗ್ತೇನಿ, ಇಲ್ಲಂದ್ರ ಇಲ್ಲ.

ನಿನ್ನ ಹೆಣತಿಗೂ ಕೂಸಿಗೂ ನನ್ನ ಆಶೀರ್ವಾದ. ಕೂಸು ಯಾರ ಮುಂದೂ ತಲಿ ತಗ್ಗಿಸದಂಗ ಬೆಳೀಲಿ.

ನಿನ್ನ ಅಕ್ಕ,
ಯಶೋಧಾ

ತಾ.ಕ.: ಇದನ್ನ ಬರೀಬಾರದು ಅಂತ ಇಷ್ಟೊತ್ತು ಕೈ ಹಿಡಕೊಂಡಿದ್ನಿ. ಕಾರಖಾನಿ ಬಿಟ್ಟು ಬರೂ ಮುಂದ, ಈ ಎರಡನೇ ಸಾಣಿಗಿ ಹಚ್ಚಿದಾಂವ ಯಾರು ಅಂತ ಸಾವಕಾರ್ರನ್ನ ಕೇಳಿದ್ನಿ. "ನಾ ಅಲ್ಲವ್ವಾ, ನಿನ್ನ ತಮ್ಮನೇ ಹೇಳಿದ," ಅಂದ್ರು. ನಮ್ಮಕ್ಕಗ ಕೆಲಸ ಕೊಡ್ರಿ, ಮಂದಿ ಏನರೆ ಅಂದ್ರ ಹಿಟ್ಟು ಇನ್ನೊಬ್ಬರ ಕೈಲೆ ಮತ್ತ ಸಾಣಿಸ್ಕೋರಿ, ಅಕ್ಕಗ ಹೇಳಬ್ಯಾಡ್ರಿ ಅಂದಿದ್ಯಂತ. ಭೀಮ ಜಯಂತಿ ದಿನ ಯಾರ ಮುಂದೂ ತಲಿ ತಗ್ಗಿಸಬ್ಯಾಡ್ರಿ ಅಂತ ಮೈಕಿನಾಗ ನೀ ಗುಡುಗಿದ್ರ ಅವ್ವ ಮೊಣಕಾಲು ಮರತು ಎದ್ದು ನಿಂತು ಚಪ್ಪಾಳಿ ಹೊಡೀತಿದ್ಲು. ಸಾವಕಾರ ಹೇಳಿದ್ದು ಸುಳ್ಳು ಅಂತ ಒಂದ ಮಾತು ಬರಿ, ನಾಳೆನ ಹೋಗಿ ಅವನ ಕೊರಳಪಟ್ಟಿ ಹಿಡೀತೇನಿ. ಖರೆ ಇದ್ರ ಪತ್ರ ಬರೀಬ್ಯಾಡ. ನೀನ ಬಂದು ಅವ್ವಗ ಹೇಳು. ನಾ ಆಕಿಗಿ ಹೇಳಲಾರೆ.