ಎರಡು ಕೈಗೂ ಉಂಗುರ

ಮಾರ್ಚ್ ೧೪, ಗುರುವಾರ

ಕಾರ್ಖಾನೆಯ ವಾರ್ಷಿಕೋತ್ಸವದ ನಾನೂರು ಚಿತ್ರ ವಿಂಗಡಿಸಿ ಮುಗಿಸುವಷ್ಟರಲ್ಲಿ ಸ್ಟುಡಿಯೋ ಯಜಮಾನರು ಬಂದು, ಗುಂಪು ಫೋಟೋದಲ್ಲಿ ಬ್ಯಾಂಡೇಜ್ ಸುತ್ತಿದ ಕೈಯೊಂದನ್ನು ತೋರಿಸಿದರು. "ಇದನ್ನ ತೆಗೆದುಬಿಡಪ್ಪಾ, ಕಾರ್ಖಾನೆ ಮ್ಯಾನೇಜರ್ ಕಣ್ಣಿಗೆ ಚುಚ್ತಿದೆಯಂತೆ."

ಅದು ಅಲ್ಲಿನ ಕೆಲಸಗಾರ್ತಿಯೊಬ್ಬರ ಬಲಗೈ. ಯಂತ್ರ ಆಕೆಯ ಎರಡು ಬೆರಳು ನುಂಗಿದಾಗ ಯಾರ ಕಣ್ಣಿಗೂ ಚುಚ್ಚಲಿಲ್ಲ! ಫೋಟೋ ತೆಗೆಯುವಾಗ ಆಕೆ ನನಗೆ ಹೇಳಿದ್ದರು: "ಕೈ ಕಾಣೋ ಹಾಗೆ ತೆಗಿ ತಮ್ಮಾ. ಏನೂ ಆಗೇ ಇಲ್ಲ ಅಂತಿದ್ದಾರೆ ಇವರು."

ಕಾರ್ಮಿಕ ಸಂಘದ ಕರಪತ್ರ ಓದಿ ಬೀಗುವ ನಾನು ತೆಪ್ಪಗೆ ಆಕೆಯ ಎಡಗೈಯನ್ನೇ ನಕಲು ಮಾಡಿ, ತಿರುಗಿಸಿ, ಬಲಗೈ ಮೇಲೆ ಅಂಟಿಸಿದೆ. "ಭೇಷ್" ಎಂದು ಹೋದರು ಯಜಮಾನರು. ಆಮೇಲೆ ನೋಡಿದರೆ, ಎಡಗೈಯ ಉಂಗುರವೂ ಬಲಗೈಗೆ ಬಂದಿದೆ.

ಅಳಿಸಲು ಒಂದು ನಿಮಿಷ ಸಾಕಿತ್ತು. ಅಳಿಸಲಿಲ್ಲ. ಮೂಲಚಿತ್ರವನ್ನು ಆಕೆಗೇ ಕಳಿಸಿದೆ. ಮ್ಯಾನೇಜರ್ ಗೋಡೆಗೆ ತೂಗುಹಾಕುವ ಸುಳ್ಳು ಆ ಉಂಗುರದಿಂದಲೇ ಸಿಕ್ಕಿಬೀಳಲಿ. ನನ್ನ ಕೆಲಸ ಹೋದರೆ…